ಕಲ್ಲುಬಾನಿಯ ಜೇನು

ಕೆ.ಆರ್. ಪುರ
೬ ಮೇ ೨೦೨೬, ಬುಧವಾರ

ಪ್ರೀತಿಯ ಅಜ್ಜೀ,

ಮಂಡಿ ಹೇಗಿದೆ? ಆಪರೇಷನ್ ಆಗಿ ಎರಡು ವಾರವಾಯಿತು. ಕೋಲು ಹಿಡಿದು ನಡೆಯುತ್ತಿದ್ದೀಯೋ, ಇಲ್ಲ ಮೈಸೂರಿನ ಹಂಸ ಅತ್ತೆಯ ಮನೆಯಲ್ಲಿ ಮಹಾರಾಣಿಯ ಹಾಗೆ ಕುಳಿತು ಎಲ್ಲರಿಗೂ ಕೆಲಸ ಹೇಳುತ್ತಿದ್ದೀಯೋ? ಎರಡನೆಯದೇ ಇರಬೇಕು. ಫೋನಿನಲ್ಲಿ ನಾನು ಹೇಳುವುದು ನಿನಗೆ ಒಂದೂ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ.

ಕಾಲೇಜಿನ ಬೇಸಿಗೆ ಪ್ರಾಜೆಕ್ಟು ನಡೆಯುತ್ತಿದೆ. ನೀನು 'ಹಾರೋ ಫ್ಯಾನು' ಎಂದು ನಗುತ್ತಿದ್ದೆಯಲ್ಲ, ಆ ಡ್ರೋನನ್ನು ಅನುಮತಿ ಪಡೆದು ದಿನಾ ಬೆಳಿಗ್ಗೆ ನಮ್ಮ ಹಿತ್ತಲಿನ ಹೊಂಗೆಮರಗಳ ಮೇಲೆ ಹಾರಿಸುತ್ತೇನೆ. ಹೂವಿಗೆ ಎಷ್ಟು ಜೇನು ಬರುತ್ತವೆ ಎಂದು ಫೋಟೋಗಳಲ್ಲಿ ಎಣಿಸುವುದು ನನ್ನ ಕೆಲಸ. ಮಧ್ಯಾಹ್ನ ಅವನ್ನು ನೋಡುತ್ತಾ ಕುಳಿತರೆ ಅರೆನಿದ್ದೆಯಲ್ಲಿ ತೇಲಿದ ಹಾಗಾಗುತ್ತದೆ ಅಜ್ಜಿ. ಮೇಲಿನಿಂದ ನಮ್ಮ ಮನೆ ನಮ್ಮದೇ ಅನ್ನಿಸುವುದಿಲ್ಲ. ತಿಳಿನೇರಳೆ ಹೂವು ಉದುರಿದ ಅಂಗಳ, ತಂತಿಯ ಮೇಲೆ ನಿನ್ನ ಕೆಂಪು ಸೀರೆ, ದೂರದಲ್ಲಿ ಸದ್ದಿಲ್ಲದೆ ಜಾರುವ ಮೆಟ್ರೋ. ನೀನು ಹೊರಡುವ ಮೊದಲು ತೆಗೆದ ಒಂದು ಚಿತ್ರದಲ್ಲಿ ನೀನೂ ಇದ್ದೀಯ. ನೆತ್ತಿ ಮಾತ್ರ ಕಾಣುತ್ತದೆ, ಸೊಂಟದಲ್ಲಿ ಬಿಂದಿಗೆ. ಅದನ್ನೇ ಎಷ್ಟೋ ಹೊತ್ತು ನೋಡುತ್ತಿದ್ದೆ.

ನೀನು ಮೈಸೂರಿಗೆ ಹೋದ ಮೇಲೆ ಎಣಿಕೆ ಇಳಿಯುತ್ತಾ ಬಂತು. ಹೂವು ಹಾಗೇ ಇದೆ, ಜೇನು ಇಲ್ಲ. ಬಿಸಿಲು ಜಾಸ್ತಿ ಎಂದು ಠೀವಿಯಿಂದ ವರದಿಯಲ್ಲಿ ಬರೆದುಬಿಟ್ಟೆ. ನಮಗೆ ಪಾಠ ಹೇಳುವ ಶರ್ವಾಣಿ ಮೇಡಂ ಹಳೆಯ ಚಿತ್ರವೊಂದರಲ್ಲಿ ಗೋಡೆಯ ಮೂಲೆಗೆ ಬೆರಳಿಟ್ಟು, "ಇಲ್ಲಿ ಹೂವೇ ಇಲ್ವಲ್ಲ ರಮ್ಯ, ಇಷ್ಟೊಂದು ಜೇನು ಏನ್ ಮಾಡ್ತಿದ್ವು?" ಎಂದರು. ದೊಡ್ಡದು ಮಾಡಿ ನೋಡಿದೆ. ನಮ್ಮ ಕಲ್ಲುಬಾನಿ! ಅಂಚಿನ ತುಂಬ ಎಳ್ಳು ಚೆಲ್ಲಿದ ಹಾಗೆ ಜೇನು, ನೀರು ಕುಡಿಯುತ್ತಿವೆ.

ಹಸುಗಳನ್ನು ಮಾರಿ ಹನ್ನೆರಡು ವರ್ಷವಾದರೂ ನೀನು ದಿನಾ ಬೆಳಿಗ್ಗೆ ಆ ಬಾನಿಗೆ ನೀರು ತುಂಬಿಸುವುದನ್ನು ಕಂಡು ನಾವೆಲ್ಲ ನಗುತ್ತಿದ್ದೆವು. "ಹಸ ಇಲ್ದಿದ್ರೇನು, ಬಾಯಾರ್ದೋರು ಯಾರಾನಾ ಬತ್ತಾರೆ ಬುಡು" ಎನ್ನುತ್ತಿದ್ದೆ. ಹೊರಡುವಾಗ ನನ್ನ ಕೈ ಹಿಡಿದು ಆ ಕೆಲಸ ಒಪ್ಪಿಸಿದ್ದೆ, ನಾನೂ ಹೂಂ ಎಂದಿದ್ದೆ. ಒಂದು ದಿನವೂ ತುಂಬಿಸಲಿಲ್ಲ ಅಜ್ಜಿ. ಜೇನು ಎಲ್ಲಿ ಹೋದವೆಂದು ಆಕಾಶದಲ್ಲೆಲ್ಲ ಹುಡುಕಿದೆ, ಬಾನಿಯೊಳಗೆ ಇಣುಕಲಿಲ್ಲ. ಬಹಳ ನಾಚಿಕೆಯಾಯಿತು, ಸ್ವಲ್ಪ ಅಳುವೂ ಬಂತು.

ಮೊನ್ನೆ ಭಾನುವಾರ ಬಾನಿಯನ್ನು ತಿಕ್ಕಿ ತೊಳೆದು, ನೀರು ತುಂಬಿಸಿ, ಜೇನು ಮುಳುಗದೆ ಕೂರಲಿ ಎಂದು ನಿನ್ನ ಹಾಗೆಯೇ ತೆಂಗಿನ ಸಿಪ್ಪೆ ತೇಲಿಬಿಟ್ಟೆ. ಸೋಮವಾರ ಮೂರು ಬಂದವು. ಇವತ್ತು ಹದಿನೇಳು. ವರದಿಯಲ್ಲಿ ಬಿಸಿಲನ್ನು ಹೊಡೆದುಹಾಕಿ, 'ಬಾನಿಯ ನೀರು, ತುಂಬಿಸುತ್ತಿದ್ದವರು ಗಂಗಲಕ್ಷ್ಮಮ್ಮ' ಎಂದು ಬರೆದಿದ್ದೇನೆ.

ಅತ್ತೆಗೆ, ಮಾವನಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಕಾಲಿಗೆ ಬೀಳುತ್ತಿದ್ದೇನೆ, ಮಂಡಿಗೆ ತಾಗದ ಹಾಗೆ.

ನಿನ್ನ
ರಮ್ಯ

ತಾ.ಕ.: ಇಂದಿರಾನಗರದ ಯಾವುದೋ ಹೋಟೆಲಿನವರು ಬಾಗಿಲಲ್ಲಿ ಗಿಡ ನೆಡುವುದಕ್ಕೆ ನಮ್ಮ ಬಾನಿ ಕೇಳಿದ್ದಾರೆ. "ಸುಮ್ನೆ ಜಾಗ ತಿಂತಿದೆ" ಎಂದು ಅಪ್ಪ ಒಪ್ಪಿಬಿಟ್ಟಿದ್ದಾರೆ. ಈ ಭಾನುವಾರ ಗಾಡಿ ಬರುತ್ತದೆ. ಚಿತ್ರ ತೋರಿಸಿದೆ, ಜಗಳವಾಡಿದೆ, ಜಗ್ಗಲಿಲ್ಲ. ಅವರು ಎದುರಾಡದಿರುವುದು ನಿನಗೊಬ್ಬಳಿಗೇ. ಕಾಗದ ತಲುಪಿದ ತಕ್ಷಣ ಅಪ್ಪನಿಗೆ ಫೋನ್ ಮಾಡು. ಅವರ ಮಾತು ಕೇಳಿಸದಿದ್ದರೆ ಇನ್ನೂ ಒಳ್ಳೆಯದು. ನಿನ್ನದು ಹೇಳಿ ಇಟ್ಟುಬಿಡು.