ಅಡುಗೆಮನೆಯ ಸ್ಪೀಕರ್

ಮನೆಯಿಂದ,
ಹದಿನಾರನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಸೊಂಟದ ನೋವು ಕಡಿಮೆಯಾಯಿತೇ? ಹಡಗಿನ ಹೊಟ್ಟೆಯೊಳಗೆ ದಿನವಿಡೀ ಬಗ್ಗಿಕೊಂಡು ವೈರು ಎಳೆಯುವವನು, ಬೆಲ್ಟ್ ಕಟ್ಟಿಕೊಂಡೇ ಕೆಲಸ ಮಾಡು ಎಂದು ಹೊರಡುವಾಗಲೇ ಹೇಳಿದ್ದೆ. ಅದು ಪೆಟ್ಟಿಗೆಯ ತಳದಲ್ಲಿ ಮಡಿಸಿದ ಹಾಗೇ ಇರುತ್ತದೆ ಎನ್ನುವುದೂ ನನಗೆ ಗೊತ್ತು. ಊಟ ಸೇರುತ್ತಿದೆಯೇ? ನಿದ್ದೆ? ಮುಂದಿನ ಬಂದರಿಗೆ ಹೋಗುವ ಟಪಾಲು ಚೀಲವನ್ನು ಕಂಪನಿಯವರು ನಾಳೆ ಕಟ್ಟುತ್ತಾರಂತೆ, ಅದಕ್ಕೇ ತಿಂಡಿಗೂ ಮುಂಚೆ ಬರೆಯಲು ಕೂತಿದ್ದೇನೆ. ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಭಾವನ ಕೆಮ್ಮು ವಾಸಿಯಾಯಿತು. ಅಪ್ಪನ ಗಂಟಲಿನ ಗಾಯ ಪೂರ್ತಿ ಒಣಗಿದೆ ಎಂದು ಡಾಕ್ಟರು ಹೇಳಿದರು, ತೂಕವೂ ಒಂದೂವರೆ ಕಿಲೋ ಏರಿದೆ. ಸರಿಯಿಲ್ಲದಿರುವವಳು ನಾನೊಬ್ಬಳೇ, ಅದಕ್ಕೆ ಕಾರಣ ನೀನು. ಈ ಕಾಗದದಲ್ಲಿ ಬೈಗುಳವೇ ಹೆಚ್ಚು, ಕೂತುಕೊಂಡು ಓದು.

ಹೋದ ಮೇಲೆ ನಾಲ್ಕು ಕಾಗದ ಬರೆದಿದ್ದೀಯ. ನಾಲ್ಕರಲ್ಲೂ ಮೊದಲ ಸಾಲು ಒಂದೇ: ‘ಅಪ್ಪನ ಸಾಫ್ಟ್‌ವೇರ್ ಓಡ್ತಾ ಇದೆಯಾ?’ ಓಡುತ್ತಿತ್ತು ಕಣೋ, ಕಳೆದ ಸೋಮವಾರದವರೆಗೆ. ಯಾವುದೋ ಆಫೀಸಿನವರು ಹೊರಗೆ ಹಾಕಿದ ಎರಡು ಡೆಸ್ಕ್‌ಟಾಪ್‌ಗಳನ್ನು ಹೊತ್ತು ತಂದು, ಒಂದನ್ನು ಅಪ್ಪನ ಕೋಣೆಯಲ್ಲಿ, ಇನ್ನೊಂದನ್ನು ಹಜಾರದಲ್ಲಿ ಇಟ್ಟು, ಎರಡಕ್ಕೂ ಒಂದೇ ಥರದ ವ್ಯವಸ್ಥೆ ಹಾಕಿದವನು ನೀನು. ಇದೆಲ್ಲ ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಯಾರು ಬೇಕಾದರೂ ರಿಪೇರಿ ಮಾಡಬಹುದು ಎಂದು ಎದೆಯುಬ್ಬಿಸಿ ಹೇಳಿದೆ. ಆ ‘ಯಾರು ಬೇಕಾದರೂ’ ಎಂದರೆ ಈ ಮನೆಯಲ್ಲಿ ನಾನು ಎಂದು ಆಗ ಹೊಳೆಯಲಿಲ್ಲ. ಆಪರೇಷನ್‌ನಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಸ್ಲೇಟು ಹಿಡಿದು ಕೂತಿದ್ದ ಅಪ್ಪನಿಗೆ, ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಹಾಕಿಕೊಟ್ಟೆ. ನಾನು ಒಲೆ ಬಿಟ್ಟು ಏಳುವ ಕಷ್ಟ ಬೇಡವೆಂದು ಅಡುಗೆಮನೆಯವರೆಗೆ ವೈರು ಎಳೆದು, ಡಬ್ಬಗಳ ಸಾಲಿನ ಮೇಲೆ ಒಂದು ಸ್ಪೀಕರನ್ನೂ ಕೂರಿಸಿದೆ. ಸುಳ್ಳೇಕೆ ಹೇಳಲಿ, ನನಗೆ ಬಹಳ ಅನುಕೂಲವಾಯಿತು. ಅಪ್ಪ ಸ್ಲೇಟಿನ ಮೇಲೆ ಬರೆಯುವುದು ಇರುವೆ ಸಾಲಿನಷ್ಟು ಚಿಕ್ಕ ಅಕ್ಷರ. ಕೈ ಒರೆಸಿಕೊಂಡು ಹೋಗಿ, ಪಕ್ಕದಲ್ಲಿ ಕೂತು, ಕನ್ನಡಕ ಏರಿಸಿಕೊಂಡರೆ ಮಾತ್ರ ಕಾಣುತ್ತಿತ್ತು. ಸ್ಪೀಕರ್ ಬಂದ ಮೇಲೆ ಅವರು ಕೋಣೆಯಿಂದ ಮಾತಾಡುವುದು, ನಾನು ತರಕಾರಿ ಹೆಚ್ಚುತ್ತ ಇಲ್ಲಿಂದಲೇ ಉತ್ತರ ಕೊಡುವುದು ರೂಢಿಯಾಗಿಬಿಟ್ಟಿತು.

ಸೋಮವಾರ ಅಂಗಡಿಯಿಂದ ಬಂದೆ. ದಿನವಿಡೀ ಕನ್ನಡಕದ ಗಾಜು ಉಜ್ಜಿ ಕಣ್ಣು ಸೋತಿತ್ತು. ಒಲೆಗೆ ಪಾತ್ರೆ ಇಟ್ಟು ‘ಅಪ್ಪಾ, ಮಾತ್ರೆ ತಗೊಂಡ್ರಾ?’ ಎಂದೆ. ಸ್ಪೀಕರ್ ಮೌನ. ಎರಡು ಸಲ ಕೂಗಿ ಕೋಣೆಗೆ ಓಡಿದೆ. ಅಪ್ಪ ಆರಾಮವಾಗಿ ಕೂತು, ಬಾಯಿಗೆ ಬೆರಳಿಟ್ಟು, ಇಲ್ಲ ಎಂದು ಕೈ ಅಲ್ಲಾಡಿಸಿದರು. ನೋಡಿದರೆ ಸಾಫ್ಟ್‌ವೇರೇ ಮಾಯ! ಮೆನುವಿನಲ್ಲಿ ಅದರ ಹೆಸರೂ ಇಲ್ಲ. ತಾನೇ ತಾನಾಗಿ ಬರುವ ಅಪ್ಡೇಟ್ ಯಾವುದೋ ಅದನ್ನು ನುಂಗಿರಬೇಕು ಎಂದುಕೊಂಡೆ. ನಿನ್ನ ಭಾವ ಬಂದವರೇ ‘ಆಫ್ ಮಾಡಿ ಆನ್ ಮಾಡು, ಸರಿಹೋಗುತ್ತೆ’ ಎಂದರು. ಪಂಪು ರಿಪೇರಿಯವರಿಗೆ ಲೋಕದ ಎಲ್ಲ ಕಾಯಿಲೆಗೂ ಅದೊಂದೇ ಮದ್ದು. ಸರಿಹೋಗಲಿಲ್ಲ.

ನೀನು ಬರೆದಿಟ್ಟುಹೋದ ನೋಟ್‌ಬುಕ್ ತೆಗೆದೆ. ಅಕ್ಷರವೋ ಕಾಗೆ ಕಾಲು ಗುಬ್ಬಿ ಕಾಲು. ಮೊದಲ ಪುಟ ಬಿಡಿಸುವಷ್ಟರಲ್ಲೇ ಸಾಕುಸಾಕಾಗಿ ಮುಂದಕ್ಕೆ ತಿರುಗಿಸಲಿಲ್ಲ. ಹೊಸದಾಗಿ ಏನು ಬೇಕಾದರೂ ಪ್ಯಾಕೇಜ್ ಮ್ಯಾನೇಜರನ್ನು ಕೇಳು, ಅದು ಇಂಟರ್ನೆಟ್ಟಿನ ಉಗ್ರಾಣದಿಂದ ತಂದು ಜೋಡಿಸುತ್ತದೆ ಎಂದು ಬರೆದಿದ್ದೀಯ. ನಾನು ಅವನಿಗೆ ಉಗ್ರಾಣಿ ಎಂದೇ ಹೆಸರಿಟ್ಟಿದ್ದೇನೆ. ಆ ಕಪ್ಪು ಕಿಟಕಿ ತೆರೆದು, ನೀನು ಬರೆದಂತೆಯೇ ಆಜ್ಞೆ ಟೈಪ್ ಮಾಡಿದೆ. ಪಾಸ್‌ವರ್ಡ್ ಕೇಳಿದ. ಕೊಟ್ಟೆ. ಬೀಗ ಹಾಕಿದೆ, ಇನ್ನೊಬ್ಬರು ಒಳಗೆ ಕೆಲಸ ಮಾಡುತ್ತಿದ್ದಾರೆ, ಆಮೇಲೆ ಬಾ ಎಂದ. ಯಾರಪ್ಪಾ ಇನ್ನೊಬ್ಬರು, ಇಲ್ಲಿರುವವಳು ನಾನೊಬ್ಬಳೇ ತಾನೇ? ಅದೇ ಅಪ್ಡೇಟು ಒಳಗೆ ಕೂತಿತ್ತು ಎಂದು ಆಮೇಲೆ ತಿಳಿಯಿತು. ಕಾಲು ಗಂಟೆ ಕಾದು ಮತ್ತೆ ಕೇಳಿದರೆ, ಆ ಸಾಮಾನು ಅಲ್ಲಿ ಸಿಗುತ್ತಿಲ್ಲ ಎಂದ. ಉಗ್ರಾಣದಲ್ಲಿ ಹೊಸ ಸರಕು ಬಂದು ಎಷ್ಟೋ ದಿನವಾಗಿದೆ, ಇವನು ಮಾತ್ರ ಹಳೇ ಪಟ್ಟಿ ಹಿಡಿದುಕೊಂಡು ಹುಡುಕುತ್ತಿದ್ದಾನೆ. ಮೊದಲು ಪಟ್ಟಿ ಹೊಸದು ಮಾಡಿಕೋ ಎಂದು ನನಗೆ ಹೇಳುವವರು ಯಾರು?

ಮಂಗಳವಾರ ನಾನು ಮಾಡಿದ್ದು ಶುದ್ಧ ಪೆದ್ದುತನ, ಒಪ್ಪಿಕೊಳ್ಳುತ್ತೇನೆ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ, ಈ ಬೇರೆ ಉಗ್ರಾಣ ಸೇರಿಸಿಕೊಳ್ಳಿ, ಕ್ಷಣದಲ್ಲಿ ಮುಗಿಯುತ್ತದೆ ಎನ್ನುವ ಪುಟ ಸಿಕ್ಕಿತು. ಸೇರಿಸಿದೆ. ಆಮೇಲೆ ಶುರುವಾಯಿತು ನೋಡು ಗೋಳು. ಸಾಫ್ಟ್‌ವೇರ್ ಬೇಕಾದರೆ ಲೈಬ್ರರಿ ಎನ್ನುವ ಒಂದು ಸಹಾಯಕ ತುಣುಕು ಬೇಕಂತೆ, ಆ ಲೈಬ್ರರಿಗೆ ಇನ್ನೊಂದು ಬೇಕಂತೆ, ಆ ಇನ್ನೊಂದನ್ನು ಮಾತ್ರ ಹಾಕಲಾಗುವುದಿಲ್ಲವಂತೆ. ಮದುವೆ ಮಾತುಕತೆಯಲ್ಲಿ ಒಬ್ಬ ದೊಡ್ಡಪ್ಪ ಒಪ್ಪಿದರೆ ಇನ್ನೊಬ್ಬ ಚಿಕ್ಕಪ್ಪ ಮುನಿಸಿಕೊಳ್ಳುವ ಹಾಗೆ! ಅದರ ಮೇಲೆ, ಇವು ಬೇಡದ ಸಾಮಾನು, ತೆಗೆಯಲೇ ಎಂದು ಕೇಳಿದ. ‘ಏನು ಕೇಳಿದರೂ ಹೌದು ಅನ್ನು’ ಎಂದು ನೀನೇ ಬರೆದಿದ್ದೀಯಲ್ಲ ಪುಣ್ಯಾತ್ಮ, ಹೌದು ಎಂದೆ. ಪ್ರಿಂಟರ್ ಕೆಲಸ ನಿಲ್ಲಿಸಿತು. ಇನ್ನು ಮೇಲೆ ಯಾರಿಗಾದರೂ ಉಪದೇಶ ಬರೆಯುವಾಗ ‘ಓದಿ ಆಮೇಲೆ ಹೌದು ಅನ್ನು’ ಎಂದು ಸೇರಿಸು.

ಬುಧವಾರ ಅಪ್ಪನೇ ಬೆರಳಿಟ್ಟು ತೋರಿಸಿದರು, ಆ ಪುಟ ಬೇರೆ ಆವೃತ್ತಿಯವರಿಗೆ ಬರೆದದ್ದು, ನಮ್ಮದಕ್ಕೆ ಹೊಂದುವುದಲ್ಲ ಎಂದು. ಎರಡು ದಿನ ಪಕ್ಕದಲ್ಲಿ ಕೂತು ನೋಡಿದವರು ಮೊದಲೇ ತೋರಿಸಬಾರದಿತ್ತೇ! ಆ ಉಗ್ರಾಣದ ಸಾಲು ಅಳಿಸಿ, ಪಟ್ಟಿ ಹೊಸದು ಮಾಡಿಸಿ, ಮುರಿದ ಜೋಡಣೆ ಸರಿಪಡಿಸು ಎಂದು ಆಜ್ಞೆ ಕೊಟ್ಟು, ಮತ್ತೆ ಕೇಳಿದೆ. ಸರಸರನೆ ಸಾಲುಗಳು ಓಡಿ, ಬಂತು! ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಅಪ್ಪ ‘ಥ್ಯಾಂಕ್ಸ್ ಮಗಳೇ’ ಎಂದು ಟೈಪ್ ಮಾಡಿದರು, ಅಡುಗೆಮನೆಯ ಸ್ಪೀಕರಿನಲ್ಲೂ ಕೇಳಿಸಿತು. ಮರುದಿನ ಗುರುವಾರ ಮನೆಗೆ ಬಂದರೆ ಮತ್ತೆ ಮಾಯ. ಹಾಕಿದೆ. ಶುಕ್ರವಾರ ಮಾಯ. ಮತ್ತೆ ಹಾಕಿದೆ. ನಿನ್ನೆ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಮಧ್ಯಾಹ್ನ ಬಂದೆ, ಆಗಲೂ ಮಾಯ. ಸಂಜೆ ಹಾಕುವುದು, ಬೆಳಿಗ್ಗೆ ಮಾತಾಡುವುದು, ನಾನು ಅತ್ತ ಹೋದ ಮೇಲೆ ಗಾಯಬ್. ನಿನ್ನ ಉಗ್ರಾಣಿಗೆ ನನ್ನ ಮೇಲೆ ಏನು ದ್ವೇಷ ಕಣೋ?

ಹಜಾರದ ಡೆಸ್ಕ್‌ಟಾಪಿನಲ್ಲೂ ಅದೇ ಸಾಫ್ಟ್‌ವೇರ್ ಹಾಕಿ ನೋಡಿದೆ. ಅದೇ ಆಜ್ಞೆ, ಅದೇ ಉಗ್ರಾಣ. ಅಲ್ಲಿ ಕಲ್ಲುಗುಂಡಿನ ಹಾಗೆ ಇದೆ, ಕದಲಿಲ್ಲ. ಅವಳಿ ಮಕ್ಕಳಲ್ಲಿ ಒಂದಕ್ಕೆ ಮಾತ್ರ ಜ್ವರ ಬಂದ ಹಾಗೆ ಇದು. ಹಾರ್ಡ್ ಡಿಸ್ಕ್ ಹೋಗಿರಬಹುದೆಂದು ಪರೀಕ್ಷೆ ಮಾಡಿಸಿದೆ, ಅದೂ ಗಟ್ಟಿಮುಟ್ಟು. ನಿನ್ನ ಭಾವ ಸೈಕಲ್ ಪಂಪು ತಂದು ಕಂಪ್ಯೂಟರಿನ ಡಬ್ಬದೊಳಗೆ ಗಾಳಿ ಹೊಡೆದರು. ಒಂದು ಬೊಗಸೆ ಧೂಳು ಅಪ್ಪನ ಹಾಸಿಗೆಗೆ ಬಂತು, ಅದನ್ನು ಒಗೆದವಳೂ ನಾನೇ.

ಇಷ್ಟೆಲ್ಲ ಆಗುತ್ತಿರುವಾಗ ನನ್ನ ಮೈ ಉರಿಸಿದ್ದು ಏನು ಗೊತ್ತೇ? ಅಪ್ಪನಿಗೆ ಚಿಂತೆಯೇ ಇಲ್ಲ. ನಾನು ಬರುವ ಹೊತ್ತಿಗೆ ತಮ್ಮ ಪಕ್ಕಕ್ಕೆ ನನ್ನ ಕುರ್ಚಿ ಎಳೆದಿಟ್ಟು, ಬಳಪ ಚೂಪು ಮಾಡಿಟ್ಟುಕೊಂಡಿರುತ್ತಾರೆ. ನಾನು ಉಗ್ರಾಣಿಯನ್ನು ಬೈಯುತ್ತಿದ್ದರೆ ಭುಜ ಕುಣಿಸಿ ನಗುತ್ತಾರೆ. ಮಧ್ಯೆ ಮಧ್ಯೆ ಸ್ಲೇಟಿನಲ್ಲಿ ಬಸ್ ನಿಲ್ದಾಣದ ಹಳೇ ಕಥೆ ಬರೆದು ಮೊಣಕೈಯಿಂದ ತಿವಿಯುತ್ತಾರೆ. ಎರಡು ಬಸ್ಸಿನ ಜನರನ್ನು ಅದಲುಬದಲು ಹತ್ತಿಸಿದ ಕಥೆಯನ್ನು ಮೊನ್ನೆ ಪೂರ್ತಿ ಬರೆದರು, ಹನ್ನೊಂದು ಸ್ಲೇಟು ಆಯಿತು. ನಾನಿಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರೆ ಇವರಿಗೆ ತಮಾಷೆ! ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಊರಿನ ಜನಕ್ಕೆಲ್ಲ ಬಸ್ಸಿನ ದಾರಿ ಹೇಳಿದ ಮನುಷ್ಯ ಹೀಗೆ ಬಾಯಿ ಕಟ್ಟಿಕೊಂಡು ಕೂತಿರುವುದನ್ನು ನೋಡಲು ನನಗೆ ಆಗುವುದಿಲ್ಲ ಕಣೋ. ನಾನು ಅಂಗಡಿಗೆ ಹೋದ ಮೇಲೆ ಅವರು ಒಬ್ಬರೇ. ಎಡವಿ ಬಿದ್ದರೆ, ಎದೆ ಹಿಡಿದುಕೊಂಡರೆ, ಪಕ್ಕದ ಮನೆಯವರನ್ನು ಹೇಗೆ ಕರೆಯುವುದು? ಹಡಗು ಹತ್ತುವ ದಿನ ನನ್ನ ಕೈ ಹಿಡಿದು ‘ಅಪ್ಪನ ಧ್ವನಿ ನಿಲ್ಲೋಕೆ ಬಿಡಬೇಡ ಅಕ್ಕಾ’ ಎಂದಿದ್ದೆ. ನಾನು ಆಯಿತು ಎಂದಿದ್ದೆ. ಈ ವಾರದಲ್ಲಿ ನಾಲ್ಕು ಸಲ ನಿಂತಿತು, ನನಗೆ ಅಳು ಬರುತ್ತಿದೆ.

ಆದ್ದರಿಂದ ಬಂದರು ತಲುಪಿದ ಕೂಡಲೇ ಫೋನ್ ಮಾಡು. ಹಾಕಿದ ಸಾಫ್ಟ್‌ವೇರನ್ನು ಯಾರೂ ಕದಲಿಸದ ಹಾಗೆ ಮೊಳೆ ಹೊಡೆದು ಕೂರಿಸುವುದು ಹೇಗೆ, ಅಷ್ಟು ಹೇಳು. ಬೇರೆ ಪಾಂಡಿತ್ಯ ಬೇಡ.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ, ಸ್ಲೇಟಿನ ಮೂಲಕ. ನಿನ್ನ ಭಾವನ ನೆನಪುಗಳು, ಪಂಪು ಸಮೇತ. ನಾನು ಬೈದದ್ದೆಲ್ಲ ಪ್ರೀತಿಯ ಲೆಕ್ಕಕ್ಕೇ ಸೇರಿಸಿಕೋ. ಬೆಲ್ಟ್ ಕಟ್ಟಿಕೋ.

ಇಂತು, ತಲೆಕೆಟ್ಟ
ನಿನ್ನ ಅಕ್ಕ

ತಾ. ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಫೋನ್ ಮಾಡಬೇಡ, ಕಾರಣ ಗೊತ್ತಾಯಿತು. ಕೊನೆಯ ಸಲ ನೋಡೋಣವೆಂದು ನಿನ್ನ ನೋಟ್‌ಬುಕ್ಕನ್ನು ಕೊನೆಯ ಪುಟದವರೆಗೂ ಬಿಡಿಸಿದೆ. ಉಗ್ರಾಣಿ ತಾನು ಮಾಡಿದ್ದನ್ನೆಲ್ಲ ಲಾಗ್ ಎಂಬ ಕಡತದಲ್ಲಿ ಬರೆದಿಟ್ಟಿರುತ್ತಾನೆ, ತಲೆಬುಡ ತಿಳಿಯದಿದ್ದರೆ ಅದನ್ನು ಓದು ಎಂದಿತ್ತು. ಓದಿದೆ. ಸೋಮವಾರ ಹನ್ನೊಂದು ಇಪ್ಪತ್ತು, ಸಾಫ್ಟ್‌ವೇರ್ ತೆಗೆಯುವ ಆಜ್ಞೆ. ಗುರುವಾರ ಹನ್ನೊಂದು ಗಂಟೆ, ಅದೇ. ಶುಕ್ರವಾರ, ಶನಿವಾರ, ಅದೇ. ಅಪ್ಡೇಟ್ ಅಲ್ಲ, ಯಾರೋ ಕೂತು ಕೈಯಾರೆ ಟೈಪ್ ಮಾಡಿದ್ದು. ಆ ಹೊತ್ತಿಗೆ ನಾನು ಅಂಗಡಿಯಲ್ಲಿ, ನಿನ್ನ ಭಾವ ಕೆಲಸದಲ್ಲಿ. ಪಾಸ್‌ವರ್ಡ್ ಗೊತ್ತಿರುವವರು ನೀನು, ನಾನು, ಅಪ್ಪ.

ಜಗಳಕ್ಕೆಂದೇ ಹೋದೆ. ಬಾಗಿಲಲ್ಲಿ ನಿಂತು ಕೂಗಾಡಿದೆ. ಅಪ್ಪ ಸ್ಲೇಟು ಎತ್ತಿ ಹಿಡಿದರು, ಅಲ್ಲಿಂದ ಕಾಣಲಿಲ್ಲ, ಹತ್ತಿರ ಹೋಗಿ ಕೂರಬೇಕಾಯಿತು. ‘ಮೂವತ್ತೊಂದು ವರ್ಷ ಸ್ಪೀಕರಿನೊಳಗೆ ಇದ್ದೆ. ಎಲ್ಲರಿಗೂ ಕೇಳಿಸಿದೆ, ಯಾರೂ ನನ್ನ ಮುಖ ನೋಡಲಿಲ್ಲ. ಮನೆಯಲ್ಲೂ ಅದೇ ಆಯಿತು’ ಎಂದಿತ್ತು. ಇದನ್ನು ಬಾಯಿಬಿಟ್ಟು ಹೇಳಬಾರದಿತ್ತೇ ಅಪ್ಪಾ, ವಾರವಿಡೀ ನನ್ನನ್ನು ಹೀಗೆ ಸಾಯಿಸಬೇಕಿತ್ತೇ ಎಂದು ಕೇಳಿದೆ. ತೋಳಿನಿಂದ ಒರೆಸಿ ಮತ್ತೆ ಬರೆದರು: ‘ಹೇಳಿದ್ದೆ. ಮೂರು ಸಲ. ನೀನು ಅಡುಗೆಮನೆಯಿಂದ ಹೂಂ ಅಂದೆ.’ ಅಂದಿರುತ್ತೇನೆ ಕಣೋ. ನನಗೆ ನೆನಪೇ ಇಲ್ಲ.

ಅಡುಗೆಮನೆಯ ಸ್ಪೀಕರನ್ನು ಕಿತ್ತು ಅಟ್ಟಕ್ಕೆ ಹಾಕಿದ್ದೇನೆ. ನಾನು ಮನೆಯಲ್ಲಿಲ್ಲದ ಹೊತ್ತಿಗೆ ಬೇಕಲ್ಲ ಎಂದದ್ದಕ್ಕೆ ಅಪ್ಪ ಒಪ್ಪಿ, ಸಾಫ್ಟ್‌ವೇರನ್ನು ತಾವೇ ಹಾಕಿಕೊಂಡರು, ಎರಡೇ ನಿಮಿಷದಲ್ಲಿ. ನಾನು ಮನೆಯಲ್ಲಿರುವಾಗ ಸ್ಲೇಟು. ಇನ್ನು ನಿನ್ನ ವಿಷಯ. ಐದನೇ ಕಾಗದದಲ್ಲಿ ಸಾಫ್ಟ್‌ವೇರ್ ಹೇಗಿದೆ ಎಂದು ಕೇಳಿದರೆ ನೋಡು. ಆ ಕಾಗದವನ್ನು ಅಪ್ಪನ ಹೆಸರಿಗೆ ಬರೆ, ಹೇಗಿದ್ದೀರಿ ಎಂದು ಅವರನ್ನೇ ಕೇಳು, ಉದ್ದವಾಗಿ ಬರೆ. ನಿನ್ನ ಕಾಗೆ ಕಾಲಿನ ಅಕ್ಷರದಲ್ಲೇ ಇರಲಿ, ಪರವಾಗಿಲ್ಲ. ನಾವಿಬ್ಬರೂ ಪಕ್ಕಪಕ್ಕ ಕೂತು ಬಿಡಿಸಿಕೊಳ್ಳುತ್ತೇವೆ.