ನಿನ್ನಪ್ಪನ ಎಲೆ ಮಾತ್ರೆ

ಮಾರ್ಚ್ ೯, ಭಾನುವಾರ

ನನ್ನ ಮುದ್ದಿನ ಗುಬ್ಬಿಗೆ,

ಅಮ್ಮನ ನೂರು ಮುತ್ತು. ಅಳಿಯಂದಿರಿಗೂ ಮಗುವಿಗೂ ಆಶೀರ್ವಾದ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಾಗಲಿಲ್ಲ. ಮುನಿಸಿಕೊಂಡಿರುತ್ತೀಯ. ಸಿಟ್ಟು ಮೂಗಿನ ತುದಿಯಲ್ಲೇ ಅಲ್ಲವೇ ನಿನಗೆ, ಥೇಟ್ ನನ್ನ ಹಾಗೆ. ಮೊದಲೇ ಹೇಳಿಬಿಡುತ್ತೇನೆ: ನಿನ್ನಪ್ಪ ಚೆನ್ನಾಗಿದ್ದಾರೆ. ಈಗ ಕೆಳಗೆ ಅಂಗಡಿಯಲ್ಲಿ ಯಾರದೋ ತಲೆ ಬಗ್ಗಿಸಿಕೊಂಡು ಹರಟೆ ಹೊಡೆಯುತ್ತಿದ್ದಾರೆ, ಕತ್ತರಿಯ ಸದ್ದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅರ್ಧ ಕೇಳುವಷ್ಟರಲ್ಲಿ ನೀನು ಗೋಳೋ ಅಂತ ಅಳುತ್ತೀಯ, ಉಳಿದರ್ಧ ಹೇಳಲು ಬಿಡುವುದಿಲ್ಲ.

ಹೃದಯದ ಕವಾಟ ಬದಲಾಯಿಸಿದ ಮೇಲೆ ನಿನ್ನಪ್ಪ ದಿನಾ ರಕ್ತ ತೆಳುವಾಗುವ ಮಾತ್ರೆ ತಗೊಳ್ಳಬೇಕು ಅಂತ ನಿನಗೆ ಗೊತ್ತೇ ಇದೆ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಹುಷಾರು ಅಂತ ಆವತ್ತೇ ಹೇಳಿದ್ದರು. ಹೇಳಿದ್ದು ಯಾರಿಗೆ? ಕ್ಷೌರದವರಿಗೆ! ಗಿರಾಕಿಯ ಕೆನ್ನೆಗೆ ಕತ್ತಿ ಇಡುವ ಮೊದಲು ತನ್ನ ಮುಂಗೈ ಕೂದಲ ಮೇಲೆ ಒಮ್ಮೆ ಎಳೆದು ಹರಿತ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಮೊದಲು ನನ್ನ ಚರ್ಮ, ಆಮೇಲೆ ಅವರದು ಅನ್ನುತ್ತಾರೆ. ನಾನು ಬೈದದ್ದೇ ಬಂತು.

ಹೋದ ತಿಂಗಳು ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ ಕಾಣಿಸಿಕೊಂಡವು. ಹಲ್ಲುಜ್ಜಿದರೆ ಉಗುಳೆಲ್ಲ ಕೆಂಪು. ಕೇಳಿದರೆ, ಕುರ್ಚಿ ತಗುಲಿತು, ಬ್ರಷ್ಷು ಗಟ್ಟಿ ಅಂತ ಸಬೂಬು. ಒಂದು ಬೆಳಿಗ್ಗೆ ನಮ್ಮ ಲೆಕ್ಕದ ಮೇಷ್ಟ್ರು ಗಡ್ಡಕ್ಕೆ ಕೂತಿದ್ದರು. ಒಂದು ಕೆನ್ನೆ ಮುಗಿಯಿತು. ಇನ್ನೊಂದಕ್ಕೆ ನಿನ್ನಪ್ಪ ಹೊಸ ಬ್ಲೇಡು ಹಾಕಿ ಅಭ್ಯಾಸದ ಪ್ರಕಾರ ಮುಂಗೈ ಮೇಲೆ ಎಳೆದಿದ್ದಾರೆ, ಗೀರಿದೆ. ಇರುವೆ ಕಚ್ಚಿದಷ್ಟು ಗಾಯ. ಪಟಿಕ ಉಜ್ಜಿದರು, ನಿಲ್ಲಲಿಲ್ಲ. ಮತ್ತೆ ಉಜ್ಜಿದರು. ಪಟಿಕದ ಕಲ್ಲೇ ಕೆಂಪಾಯಿತು, ಟವೆಲ್ಲು ತೊಯ್ದುಹೋಯಿತು. ಕನ್ನಡಿಯಲ್ಲಿ ಇದನ್ನು ನೋಡಿದ ಮೇಷ್ಟ್ರು ಕುರ್ಚಿಯಿಂದ ಹಾರಿದವರೇ ನನ್ನನ್ನು ಕೂಗಿ, ಬೀದಿಗೆ ಓಡಿ ಒಂದು ಗಾಡಿ ನಿಲ್ಲಿಸಿದರು. ಕೊರಳಿಗೆ ಬಿಳಿ ಬಟ್ಟೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ. ಆಸ್ಪತ್ರೆಯಲ್ಲಿ ನರ್ಸು ಮೊದಲು ಹಿಡಿದು ಮಲಗಿಸಲು ಹೋದದ್ದು ಅವರನ್ನೇ. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು ನೋಡು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ ಮುಖ ಗಂಟಿಕ್ಕಿದರು. ಇರಬೇಕಾದದ್ದಕ್ಕಿಂತ ಎಷ್ಟೋ ತೆಳುವಾಗಿದೆ, ಕೈಯಲ್ಲಿ ಆದದ್ದು ತಲೆಯೊಳಗೆ ಆಗಿದ್ದರೆ ಇವರು ಉಳಿಯುತ್ತಿರಲಿಲ್ಲ ಅಂದರು. ನನ್ನ ಜೀವ ಬಾಯಿಗೆ ಬಂತು ಗುಬ್ಬಿ. ಮಾತ್ರೆ ಎರಡೆರಡು ನುಂಗಿದಿರಾ ಅಂದರೆ ಇಲ್ಲ. ಬೇರೆ ಔಷಧ? ಇಲ್ಲವೇ ಇಲ್ಲ. ಅಷ್ಟರಲ್ಲಿ ನರ್ಸು ಅಂಗಿ ತೆಗೆಸಿದಳು, ಜೇಬಿನಿಂದ ಒಂದು ಡಬ್ಬಿ ಉರುಳಿತು. ಮೇಲೆ ಹಸಿರು ಎಲೆಯ ಚಿತ್ರ, ನೆನಪಿನ ಶಕ್ತಿಗೆ ಅಂತ ಬರಹ. ಒತ್ತಿ ಕೇಳಿದ ಮೇಲೆ, ಅಂಗಡಿಯಲ್ಲಿ ಬೆಳ್ಳುಳ್ಳಿ ಸಾರದ ಇನ್ನೊಂದು ಡಬ್ಬಿ ಇರುವುದೂ ಹೊರಬಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನನ್ನ ಕಣ್ಣೆದುರೇ ದಿನಾ ನುಂಗಿದ್ದಾರೆ.

"ಇದು ಔಷಧ ಅಲ್ವಾ?" ಅಂತ ಡಾಕ್ಟರಮ್ಮ ಕೇಳಿದರು.

"ಬರೀ ಎಲೆ ಅಮ್ಮಾ. ಔಷಧ ಏನು ತಗೋತೀರಾ ಅಂದ್ರಿ, ಹೇಳ್ದೆ. ಎಲೆ ತಿಂತೀರಾ ಅಂತ ಯಾರೂ ಕೇಳ್ಲಿಲ್ವಲ್ಲ."

ಆಕೆಗೆ ಸಿಟ್ಟಿನ ನಡುವೆಯೂ ನಗು ತಡೆಯಲಾಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಗಾದೆಗೆ ಸರಿ, ನಿಮ್ಮ ಮೈಗಲ್ಲ. ಗಿಡವೂ ಮದ್ದೇ, ಅದಕ್ಕೇ ನನಗೆ ಭಯ ಅಂದರು. ಆ ಎಲೆಯೂ ಬೆಳ್ಳುಳ್ಳಿ ಸಾರವೂ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವಂತೆ, ಮಾತ್ರೆ ಮಾಡುತ್ತಿದ್ದ ಕೆಲಸಕ್ಕೆ ಇವೂ ಹೋಗಿ ಕೈ ಜೋಡಿಸಿವೆ. ಅಡುಗೆಗೆ ಹಾಕುವ ನಾಲ್ಕು ಎಸಳು ಬೇರೆ, ಸಾರ ತೆಗೆದು ಡಬ್ಬಿಗೆ ತುಂಬಿದ್ದೇ ಬೇರೆ. ಹಾಗಂತ ಹೆದರಿ ರಕ್ತದ ಮಾತ್ರೆಯನ್ನೂ ನೀವಾಗೇ ಬಿಟ್ಟೀರಿ, ಕವಾಟದಲ್ಲೇ ಗಡ್ಡೆ ಕಟ್ಟುತ್ತೆ ಅಂತಲೂ ಗದರಿದರು. ಇನ್ನು ಎಲೆ, ಬೇರು, ಪುಡಿ ಏನೇ ಬಾಯಿಗೆ ಹಾಕುವ ಮೊದಲು ಅವರನ್ನು ಕೇಳಬೇಕು. ಚುಚ್ಚುಮದ್ದು ಕೊಟ್ಟು, ಕೆಲವು ದಿನ ಇಟ್ಟುಕೊಂಡು, ರಕ್ತ ಹದಕ್ಕೆ ಬಂದ ಮೇಲೆ ಕಳಿಸಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರಲ್ಲ, ನಿನ್ನಪ್ಪನಿಗೆ ಸಾವಿರ ವರ್ಷ ಸಿಕ್ಕಿದೆ. ಅಷ್ಟು ವರ್ಷ ನಾನು ಹೇಗೆ ಸಹಿಸಲಿ ಹೇಳು.

ನೆನಪಿನ ಶಕ್ತಿ ಇವರಿಗ್ಯಾಕೆ ಅಂತೀಯಾ? ಚದುರಂಗದಲ್ಲಿ ಮೇಷ್ಟ್ರನ್ನು ಸೋಲಿಸುವುದಕ್ಕಂತೆ! ವಾರ್ಡಿನವರೆಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರ ಕಥೆ ಇನ್ನೂ ಚೆಂದ. ಶುರು ಮಾಡಿದವರೇ ಮುಗಿಸಲಿ ಅಂತ ಹಟ ಹಿಡಿದು, ಬೇರೆ ಅಂಗಡಿಗೆ ಹೋಗದೆ, ಅರ್ಧ ಗಡ್ಡದಲ್ಲೇ ಶಾಲೆಗೆ ಹೋಗಿ ಪಾಠ ಮಾಡಿದರು. ಮಕ್ಕಳಿಗೆ ಅಷ್ಟು ದಿನವೂ ಹಬ್ಬ. ನಿನ್ನಪ್ಪ ಮನೆಗೆ ಬಂದ ದಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಅಷ್ಟರಲ್ಲಿ ನುಣುಪು ಕೆನ್ನೆಯಲ್ಲೂ ಗಡ್ಡ ಬೆಳೆದು, ಎರಡನ್ನೂ ಹೊಸದಾಗಿ ಮಾಡಬೇಕಾಯಿತು. ಹರಿತ ನೋಡುವುದಕ್ಕೆ ಈಗ ಗಿರಾಕಿಯ ತಲೆಯಿಂದಲೇ ಒಂದು ಕೂದಲು ಕೀಳುತ್ತಾರೆ. ಅವತ್ತು ಮೇಷ್ಟ್ರು ಹಾ ಅಂದರು, ನಾನು ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಈ ಮನೆಯಲ್ಲಿ ಅಂಥ ಸಂತೋಷ ನೋಡಿ ಬಹಳ ಕಾಲವಾಗಿತ್ತು ಕಣೇ.

ಮೂವರೂ ನೂರು ಕಾಲ ನಗುನಗುತ್ತಾ ಬಾಳಿ. ಹೊತ್ತು ಹೊತ್ತಿಗೆ ಊಟ ಮಾಡು, ಕೆಲಸ ಕೆಲಸ ಅಂತ ಮೈ ಇಳಿಸಿಕೊಳ್ಳಬೇಡ.

ಇಂತು ನಿನ್ನ
ಅಮ್ಮ

ವಿ.ಸೂ.: ಚದುರಂಗ ಅಂದದ್ದು ಸುಳ್ಳು. ನಿಜ ಏನು ಅಂತ ಮನೆಗೆ ಬಂದ ಮೇಲೆ ನನ್ನೊಬ್ಬಳಿಗೇ ಹೇಳಿದರು. ಹೋದ ಸಲ ನೀನು ಬಂದಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇದರ ಹೆಸರೇನು ಅಂತ ಮತ್ತೆ ಮತ್ತೆ ಕೇಳಿದರಲ್ಲ, ಮುಂದಿನ ಸಲ ನನ್ನ ಹೆಸರೂ ಕೇಳ್ತೀರಾ ಅಪ್ಪ ಅಂತ ನೀನು ನಕ್ಕೆ. ನಾನೂ ನಕ್ಕೆ. ಅವರೂ ನಕ್ಕರು. ನೀನು ಹೊರಟ ಮರುದಿನವೇ ಆ ಡಬ್ಬಿ ತಂದರಂತೆ. "ಗುಬ್ಬಿ ಮತ್ತೆ ಬರೋ ಹೊತ್ತಿಗೆ ಮಗು ಹೆಸರು ಬಾಯಲ್ಲಿರ್ಲಿ ಅಂತಿದ್ದೆ ಕಣೇ" ಅಂದರು. ನಿನ್ನ ತಪ್ಪು ಅಂತ ಬರೆಯುತ್ತಿಲ್ಲ ಮಗಳೇ, ನಮಗೆ ಯಾರಿಗೆ ತಾನೇ ಗೊತ್ತಿತ್ತು? ಮರೆವು ಯಾಕೆ ಅಂತ ಡಾಕ್ಟರಮ್ಮ ಮುಂದಿನ ವಾರ ನೋಡುತ್ತಾರೆ, ನಾನೂ ಜೊತೆಗೆ ಹೋಗುತ್ತೇನೆ. ನೀನು ರಜೆ ಸಿಕ್ಕ ಕೂಡಲೇ ಬಾ. ಬಂದವಳು ಬಾಗಿಲಲ್ಲೇ, ಅವರು ಬಾಯಿ ತೆರೆಯುವ ಮೊದಲು, ಮಗುವನ್ನು ಹೆಸರು ಹಿಡಿದು ಜೋರಾಗಿ ಕೂಗು, ತಾತ ಕರೀತಿದ್ದಾರೆ ಬಾರೇ ಅಂತ.