ಗುಂಡಿ ಡಬ್ಬಿಯ ಅರ್ಧ ಮಾತ್ರೆಗಳು

ಮಾವ,

ತಿಂಡಿ ಮುಚ್ಚಿಟ್ಟಿದ್ದೇನೆ. ಮೊದಲು ತಿನ್ನಿ, ಆಮೇಲೆ ಇದನ್ನು ಓದಿ.

ನೀವು ವಾಕಿಂಗ್‌ಗೆ ಹೋದ ಮೇಲೆ ನನ್ನ ಯೂನಿಫಾರ್ಮಿಗೆ ಗುಂಡಿ ಹುಡುಕಲು ನಿಮ್ಮ ಗುಂಡಿ ಡಬ್ಬಿ ತೆಗೆದೆ. ತಳದಲ್ಲಿ ಬಿಪಿ ಮಾತ್ರೆಯ ಅರ್ಧ ತುಂಡುಗಳು, ಹನ್ನೊಂದು. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅಲ್ಲವೇ, ಒಂದೂ ಪುಡಿಯಾಗಿಲ್ಲ.

ಒಂದನೇ ತಾರೀಖು ಔಷಧಿ ಅಂಗಡಿಯಲ್ಲಿ ಕಾರ್ಡಿಗೆ ಡಬಲ್ ಪಾಯಿಂಟು, ಜೊತೆಗೆ ಪೇಪರಿನಲ್ಲಿ ಬರುವ ರಿಯಾಯಿತಿ ಕೂಪನ್. ಇರುವ ಮಾತ್ರೆ ಅಲ್ಲಿಯವರೆಗೆ ಬರಲೆಂದು ದಿನಕ್ಕೆ ಅರ್ಧವೇ ನುಂಗುತ್ತಿದ್ದೀರಿ. ಮೊನ್ನೆ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕೂತಾಗ ಬಿಸಿಲೆಂದಿರಿ. ನಾನೂ ನಂಬಿದೆ.

ತಪ್ಪು ನನ್ನದೂ ಇದೆ. ಹೋದ ತಿಂಗಳು ನೀವು ಪಾಯಿಂಟಿನಲ್ಲೇ ಸೋಪು, ಪೇಸ್ಟು ಬಿಟ್ಟಿ ತಂದಾಗ ‘ನಮ್ಮ ಮಾವನ ಹಾಗೆ ಮನೆ ತೂಗಿಸೋರು ಇಲ್ಲ’ ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ಆ ಮಾತು ಉಳಿಸಿಕೊಳ್ಳಲು ನೀವು ಕತ್ತರಿ ಹಿಡಿದಿರಿ.

ಗುಂಡಿಯ ಜಾಗಕ್ಕೆ ಪಿನ್ನು ಚುಚ್ಚಿಕೊಂಡೇ ಅಂಗಡಿಗೆ ಓಡಿದೆ. ಹೊಸ ಸ್ಟ್ರಿಪ್ ನೀರಿನ ಲೋಟದ ಪಕ್ಕದಲ್ಲಿದೆ. ಕೂಪನ್ ಇಲ್ಲದೆ, ಪೂರ್ತಿ ಬೆಲೆಗೆ ತಂದದ್ದು. ಬೈಯುವುದಿದ್ದರೆ ಸಂಜೆ ಬೈಯಿರಿ.

ಇಡೀ ಮಾತ್ರೆ ನುಂಗಿ. ಬಿಟ್ಟದ್ದನ್ನು ತುಂಬಿಸಲು ಎರಡೆರಡು ಬೇಡ. ಮಧ್ಯಾಹ್ನ ಫೋನ್ ಮಾಡುತ್ತೇನೆ, ಸುಳ್ಳು ಹೇಳಬೇಡಿ.

ಒಂದನೇ ತಾರೀಖು ಅಂಗಡಿಗೆ ಇಬ್ಬರೂ ಹೋಗೋಣ. ಸೋಪು, ಪೇಸ್ಟು, ಪೌಡರಿನಲ್ಲಿ ಎಷ್ಟು ಬೇಕಾದರೂ ಉಳಿಸಿ, ನಾನೇ ಚೀಲ ಹಿಡಿಯುತ್ತೇನೆ.

ನಿಮ್ಮ ಕತ್ತರಿ ಹುಡುಕಬೇಡಿ. ನನ್ನ ಬ್ಯಾಗಿನಲ್ಲಿದೆ. ಕೂಪನ್ ಕತ್ತರಿಸುವ ದಿನ ಕೊಡುತ್ತೇನೆ.

— ಸೊಸೆ